ಎಡಬಾಗಿಲಿನ ಮೋಟರಿನ ಮೇಲೆ ನಾನು ಹೂಡಿದ ಮೊಕದ್ದಮೆ

ಮೂವತ್ತೆರಡನೇ ವಯಸ್ಸಿಗೆ ನಿವೃತ್ತನ ನೆನಪುಗಳನ್ನು ಬರೆಯುತ್ತಿದ್ದೇನೆ ಎಂದಾಗ ನಮ್ಮ ತಂದೆ ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟರು. ಜೀವಮಾನವೆಲ್ಲ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮನ್ನು ಬೆಳೆಸಿದವರು ಅವರು. ನಿವೃತ್ತಿ ಎಂದರೆ ಪಿಂಚಣಿ ಇರಬೇಕು, ಹಾರ ಇರಬೇಕು, ಒಬ್ಬರಾದರೂ ನಿಂತು ಭಾಷಣ ಮಾಡಬೇಕು. ನೀನು ಮಾಡಿದ್ದು ಕೆಲಸ ಬಿಟ್ಟದ್ದು, ಅಷ್ಟೆ ಎಂಬುದು ಅವರ ವಾದ. ನನ್ನ ವಾದ ಬೇರೆ. ಒಂದು ಕಸುಬನ್ನು ಒಂಬತ್ತು ವರ್ಷ ಮಾಡಿ, ಇನ್ನು ಅದಕ್ಕೆ ಮರಳುವುದಿಲ್ಲ ಎಂದು ಖಚಿತವಾದ ಮೇಲೆ ಅದಕ್ಕೆ ಬೇರೆ ಯಾವ ಹೆಸರಿದೆ? ನಿವೃತ್ತಿಗೆ ನರೆತ ಕೂದಲು ಬೇಕೆಂದು ಎಲ್ಲಿ ಬರೆದಿದೆ? ಅರ್ಧ ಗಂಟೆ ಚರ್ಚೆಯಾಗಿ, ಕೊನೆಗೆ ಅವರು, "ಆಯ್ತು ಬರಿ. ಹಾರ ಮಾತ್ರ ನೀನೇ ತಂದ್ಕೋ" ಎಂದರು. ಅದನ್ನು ನನ್ನ ಗೆಲುವೆಂದೇ ಬರೆದುಕೊಂಡಿದ್ದೇನೆ.

ದೆಹಲಿಯ ಪಕ್ಕದ ಫರೀದಾಬಾದಿನ ಒಂದು ಕಾರ್ ವರ್ಕ್‌ಶಾಪಿನಲ್ಲಿ ನಾನು ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೆ. ಈಗ ಒಂದು ತರಬೇತಿ ಕೇಂದ್ರದಲ್ಲಿ ಅದೇ ಕೆಲಸದ ಪಾಠ ಹೇಳುತ್ತೇನೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಇಲ್ಲಿನ ಕಾರ್ಖಾನೆ, ವರ್ಕ್‌ಶಾಪುಗಳಿಗೆ ಬರುವವರು ವರ್ಷಕ್ಕೆ ಒಂದಿಬ್ಬರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇದು ಅವರಿಗಾಗಿ. ಬಡ್ತಿಯ ವಿಷಯ ಬರೆಯುವುದಿಲ್ಲ. ನಮ್ಮಲ್ಲಿ ಬಡ್ತಿ ಎಂದರೆ ಫ್ಯಾನಿನ ಕೆಳಗಿನ ಜಾಗ ಸಿಗುವುದು, ನನಗೆ ಅದು ಆರನೇ ವರ್ಷಕ್ಕೆ ಸಿಕ್ಕಿತು. ಮುಗಿಯಿತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಲಿ. ವಿಷಯದ ಪರ ಹೇಳಿ ಗೆಲ್ಲುತ್ತಿದ್ದೆ, ಅದೇ ವಿಷಯದ ವಿರೋಧ ಹೇಳಿಯೂ ಗೆಲ್ಲುತ್ತಿದ್ದೆ. ಈ ಗುಣವನ್ನು ಹೊತ್ತುಕೊಂಡೇ ವರ್ಕ್‌ಶಾಪಿಗೆ ಹೋದೆ. ಮಾಲೀಕರಾದ ಸಚ್‌ದೇವ್‌ಜಿ ಮೊದಲ ವಾರದಲ್ಲೇ ನನಗೆ 'ವಕೀಲ್ ಸಾಹಬ್' ಎಂದು ಹೆಸರಿಟ್ಟರು. ಅವರು ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಬಂದ ಗಿರಾಕಿಗೆ ಮೊದಲು ನೀರು, ಆಮೇಲೆ ನನ್ನನ್ನು ಕೊಡುತ್ತಿದ್ದರು. ಗಿರಾಕಿ ಸಿಟ್ಟಾಗಿದ್ದರೆ ನಾನು ಮಾತಾಡಬೇಕು. ಕಾರು ಸಿಟ್ಟಾಗಿದ್ದರೆ ಶರಾಫತ್ ಉಸ್ತಾದರು ನೋಡಬೇಕು. ಸಚ್‌ದೇವ್‌ಜಿಯ ಆಡಳಿತ ಇಷ್ಟೇ.

ಶರಾಫತ್ ಉಸ್ತಾದರು ನಮ್ಮಲ್ಲಿ ಹಿರಿಯ ಮಿಸ್ತ್ರಿ, ಅಂದರೆ ಮೆಕ್ಯಾನಿಕ್. ಕೈಯಲ್ಲಿ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಅದೇ ಅವರ ಪರೀಕ್ಷಾ ಸಾಧನ. ಬಲ್ಬು ಹೊತ್ತಿದರೆ ಕರೆಂಟ್ ಇದೆ, ಹೊತ್ತದಿದ್ದರೆ ಇಲ್ಲ. ನನ್ನ ಕೈಯಲ್ಲಿ ಮಲ್ಟಿಮೀಟರ್ ಇತ್ತು, ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಸ್ಕ್ಯಾನರ್ ಇತ್ತು, ಎಲ್ಲಕ್ಕಿಂತ ಮಿಗಿಲಾಗಿ ನಾಲಗೆ ಇತ್ತು. ಬಲ್ಬು ಎಷ್ಟು ವೋಲ್ಟ್ ಎಂದು ಹೇಳುವುದಿಲ್ಲವಲ್ಲ ಎಂದು ನಾನು ಕೆಣಕಿದರೆ, ನಿನ್ನ ಮೀಟರು ಬಿಸಿಯಾಗುತ್ತಿದೆಯೋ ಇಲ್ಲವೋ ಎಂದು ಹೇಳುವುದಿಲ್ಲವಲ್ಲ ಎಂದು ವೈರನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದರು.

ನನ್ನ ಮೊದಲ ಪ್ರಮಾದವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ಬಾಗಿಲುಗಳ ಪವರ್ ವಿಂಡೋ ಕೆಲಸ ಮಾಡುತ್ತಿಲ್ಲ, ಚಾಲಕನದು ಮಾತ್ರ ಸರಿಯಿದೆ ಎಂದು ಒಬ್ಬರು ಬಂದರು. ನಾನು ಸಾಧಾರವಾಗಿ ತರ್ಕ ಮಾಡಿ ಮೂರೂ ಬಾಗಿಲುಗಳ ಒಳಗಿನ ಹೊದಿಕೆ ಕಿತ್ತು ಹಾಕಿದೆ. ಉಸ್ತಾದರು ಚಹಾ ಮುಗಿಸಿ ಬಂದು ಚಾಲಕನ ಬಾಗಿಲಲ್ಲಿ ಒಂದು ಗುಂಡಿ ಒತ್ತಿದರು. ಹಿಂದೆ ಕೂತ ಮಕ್ಕಳು ಗಾಜಿನೊಂದಿಗೆ ಆಡದಿರಲಿ ಎಂದು ಇಟ್ಟಿರುವ ಲಾಕ್ ಗುಂಡಿ ಅದು. ಮೂರೂ ಗಾಜುಗಳು ಸರಾಗವಾಗಿ ಇಳಿದವು. ಹೊದಿಕೆಗಳನ್ನು ಮತ್ತೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಉಸ್ತಾದರು ಪಕ್ಕದಲ್ಲಿ ನಿಂತು ಒಂದೊಂದೇ ಸ್ಕ್ರೂ ಎತ್ತಿ ಕೊಟ್ಟರು, ಅದೇ ದೊಡ್ಡ ಶಿಕ್ಷೆ.

ಇನ್ನು ವಿಶಾಲಾಕ್ಷಿ ಆಂಟಿಯ ಕೆಂಪು ಕಾರಿನ ಕಥೆ. ಒಂಬತ್ತು ವರ್ಷದಲ್ಲಿ ನಾನು ಕಲಿತದ್ದರ ಬಹುಪಾಲು ಆ ಒಂದು ಕಾರಿನ ಎಡಬಾಗಿಲಲ್ಲಿದೆ.

ಆಂಟಿ ಸರೋಜಿನಿ ನಗರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು. ನಿವೃತ್ತರಾದ ಮೇಲೆ ದ್ವಾರಕಾದ ಒಂದು ಹೌಸಿಂಗ್ ಸೊಸೈಟಿಗೆ ಹೋದರು. ಅರವತ್ತು ತುಂಬಿದ ತಿಂಗಳು ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡು, ಒಂದು ಹಳೆಯ ಪುಟ್ಟ ಕಾರು ಕೊಂಡು, ಹಳೆಯ ಗೆಳತಿಯರನ್ನು ಕೂಡಿಸಿಕೊಂಡು ದೆಹಲಿಯ ಮೂಲೆಮೂಲೆ ಸುತ್ತತೊಡಗಿದ್ದರು. ಅವರ ಗಂಡ ಶಾಮರಾಯರಿಗೆ ಕಾರು ಓಡಿಸಲು ಬಾರದು. ಆದರೆ ಚಾಲಕನ ಎಡಕ್ಕೆ ಕೂತು ಸಲಹೆ ಕೊಡುವುದರಲ್ಲಿ ಅವರಿಗೆ ನಲವತ್ತು ವರ್ಷದ ಅನುಭವ. ಮನೆ ಬಾಗಿಲಿಗೆ ಮೆಟ್ರೊ ಇರುವಾಗ ಕಾರೇಕೆ ಎಂಬುದು ಮೊದಲ ದಿನದಿಂದಲೂ ಅವರಿಗಿದ್ದ ಆಕ್ಷೇಪ. ಈಗ ಅವರ ಪಕ್ಕದ ಕಿಟಕಿಯೇ ಕೈಕೊಟ್ಟದ್ದರಿಂದ ಆ ಆಕ್ಷೇಪಕ್ಕೆ ಸಾಕ್ಷ್ಯವೂ ಸಿಕ್ಕಂತಾಗಿತ್ತು.

ಕನ್ನಡದ ಹುಡುಗ ಇದ್ದಾನೆ ಎಂಬ ಒಂದೇ ಕಾರಣಕ್ಕೆ ಆಂಟಿ ಗಂಡನನ್ನೂ ಕೂಡಿಸಿಕೊಂಡು ದ್ವಾರಕಾದಿಂದ ಫರೀದಾಬಾದಿಗೆ ಕಾರು ಓಡಿಸಿಕೊಂಡು ಬಂದರು. ಎಡಗಿಟಕಿ ಒಮ್ಮೆ ಏರುತ್ತದೆ, ಒಮ್ಮೆ ಏರುವುದಿಲ್ಲ ಎಂದರು. ಉಸ್ತಾದರು ಬಾಗಿಲು ತೆರೆದು ಗುಂಡಿ ಒತ್ತಿದರೆ ಗಾಜು ಏರಿತು, ಇಳಿಯಿತು. ಬಂದು ಹೋಗುವ ದೋಷಕ್ಕೆ ಗುಂಡಿಯೊಳಗಿನ ಕೊಳೆಯೇ ಕಾರಣವಿರಬಹುದು ಎಂದು ಅದನ್ನು ಬಿಚ್ಚಿ ಸ್ವಚ್ಛ ಮಾಡಿಕೊಟ್ಟರು. ದೆಹಲಿಯ ಧೂಳಿನಲ್ಲಿ ಅದು ನೂರರಲ್ಲಿ ಎಂಬತ್ತು ಸಲ ಸರಿಯಾದ ಊಹೆ. ಇದು ಉಳಿದ ಇಪ್ಪತ್ತರಲ್ಲಿ ಒಂದು. ಹಿಂದಿರುಗುವಾಗ ಬದರ್‌ಪುರದ ಸಿಗ್ನಲ್ಲಿನಲ್ಲಿ ಶಾಮರಾಯರಿಗೆ ಸೀಬೆಹಣ್ಣು ಬೇಕಾಯಿತು. ಗುಂಡಿ ಒತ್ತಿದರು, ಗಾಜು ಕದಲಲಿಲ್ಲ. ಹಣ್ಣಿನವನು ಗಾಜಿನಾಚೆ ನಿಂತು ಹಣ್ಣು ತೋರಿಸಿದ, ಇವರು ಒಳಗಿನಿಂದ ಕೈ ಆಡಿಸಿದರು, ಸಿಗ್ನಲ್ ಹಸಿರಾಯಿತು. ಆ ಸೀಬೆಹಣ್ಣಿನ ದುಃಖವನ್ನು ಮುಂದಿನ ವಾರ ನನಗೆ ಪೂರ್ತಿ ಕೇಳಿಸಿದರು.

ಎರಡನೇ ಸಲ ಬಂದಾಗ ನಾನು ಮುಂದೆ ನುಗ್ಗಿದೆ. ಇದು ಮೋಟರಿನದೇ ತಪ್ಪು ಎಂದೆ. ಉಸ್ತಾದರು ಬಾಗಿಲಿಗೆ ಕಿವಿಯಿಟ್ಟು ಕೇಳಿ, ಸದ್ದು ಶುದ್ಧವಾಗಿದೆ, ಮೋಟರ್ ಸರಿಯಿದೆ ಎಂದರು. ಸದ್ದು ಸಾಕ್ಷ್ಯವೇ ಅಲ್ಲ ಎಂದು ನಾನು ಎದುರುವಾದ ಹೂಡಿದೆ. ಒಂದು, ಗುಂಡಿ ಈಗಾಗಲೇ ಸ್ವಚ್ಛವಾಗಿದೆ. ಎರಡು, ಫ್ಯೂಸ್ ಸರಿಯಿದೆ. ಮೂರು, ಮೋಟರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡುಗಳು ಸವೆದಾಗ ಮೋಟರ್ ಹೀಗೇ ಮನಸ್ಸು ಬಂದಾಗ ತಿರುಗುತ್ತದೆ. ಮೋಟರ್ ಹೊರತೆಗೆದು ಬಿಚ್ಚಿ, ಒಳಗಿದ್ದ ಕಪ್ಪು ಪುಡಿಯನ್ನು ಬಿಳಿ ಬಟ್ಟೆಯ ಮೇಲೆ ಉದುರಿಸಿ ಎಲ್ಲರಿಗೂ ತೋರಿಸಿದೆ. ಸಚ್‌ದೇವ್‌ಜಿ ತಲೆದೂಗಿದರು. ಶಾಮರಾಯರೂ ತಲೆದೂಗಿದರು. ಉಸ್ತಾದರು ಮಾತ್ರ ಆ ಪುಡಿಯನ್ನು ಬೆರಳಿನಿಂದ ಸವರಿ, ಒಂಬತ್ತು ವರ್ಷದ ಮೋಟರಿನಲ್ಲಿ ಇದಿಲ್ಲದೆ ಗುಲಾಲು ಇರುತ್ತದೆಯೇ ಎಂದು ಕೇಳಿ ಬೇರೆ ಕಾರಿನ ಕಡೆ ಹೋದರು. ಕಾಲೇಜಿನಲ್ಲಾಗಿದ್ದರೆ ಎದುರಾಳಿ ವೇದಿಕೆ ಬಿಟ್ಟು ಹೋದರೆ ನಮಗೆ ಗೆಲುವು. ನಾನು ಹಾಗೇ ತಿಳಿದೆ.

ಹೊಸ ಮೋಟರ್ ಕೂರಿಸಿ, ಗಾಜನ್ನು ನಲವತ್ತು ಸಲ ಏರಿಸಿ ಇಳಿಸಿದೆ. ಆಂಟಿ ಎಣಿಸಿದರು. ಹಳೆಯ ಮೋಟರನ್ನು ಮರಳಿ ಜೋಡಿಸಿ ಕಾರಿನ ಹಿಂದಿನ ಡಿಕ್ಕಿಯಲ್ಲಿಟ್ಟೆ. ಬಿಚ್ಚಿದ ಸಾಮಾನನ್ನು ಗಿರಾಕಿಗೇ ಕೊಟ್ಟುಬಿಡುವುದು ಉಸ್ತಾದರ ಕಟ್ಟುನಿಟ್ಟಿನ ಪದ್ಧತಿ. ಅದು ಒಳ್ಳೆಯ ಪದ್ಧತಿ, ನಿಮ್ಮ ವಿರುದ್ಧವೇ ತಿರುಗುವವರೆಗೆ.

ಆ ಬುಧವಾರ ಆಂಟಿ ಗೆಳತಿಯರೊಂದಿಗೆ ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋದರು. ಶಾಮರಾಯರೂ ಜೊತೆಗಿದ್ದರು. ಅಲ್ಲಿ ತಲುಪಿದ ಮೇಲೆ ಎಡಗಾಜು ಕೆಳಗೇ ನಿಂತುಬಿಟ್ಟಿತು, ಆಂಟಿ ತಮ್ಮ ಕಡೆಯ ಗುಂಡಿಯಿಂದ ಒತ್ತಿದರೂ ಏರಲಿಲ್ಲ. ತೆರೆದ ಕಿಟಕಿಯ ಕಾರನ್ನು ಅಲ್ಲಿ ಬಿಟ್ಟು ಹೋಗುವ ಧೈರ್ಯ ಯಾರಿಗಿದೆ? ಹೆಂಗಸರು ಕುರ್ತಾ ಆರಿಸುವ ಒಂದೂವರೆ ಗಂಟೆ ಶಾಮರಾಯರು ಕಾರಿನಲ್ಲಿ ಕಾವಲು ಕೂತರು. ತೆರೆದ ಕಿಟಕಿಯ ಮೂಲಕ ಅವರಿಗೆ ಸಾಕ್ಸು, ಬೆಲ್ಟು, ಮೊಬೈಲ್ ಕವರು, ಒಂದು ನಾಯಿಮರಿಯ ಗೊಂಬೆ ಮಾರಲು ಜನ ಬಂದರಂತೆ. ಮನೆಗೆ ಬಂದವರೇ ಪರಿಚಯದ ಒಬ್ಬ ಹಳೆ ಕಾರು ವ್ಯಾಪಾರಿಗೆ ಫೋನ್ ಮಾಡಿ ಭಾನುವಾರ ಬರಹೇಳಿದರು.

ಶುಕ್ರವಾರ ಆಂಟಿ ನನಗೆ ಫೋನ್ ಮಾಡಿದರು. ಶನಿವಾರ ಒಂದು ದಿನ ಮಾತ್ರ ಅವರು ಗಂಡನಿಂದ ಕೇಳಿ ಪಡೆದಿದ್ದರು. ಕಿಟಕಿ ಸರಿಯಾಗಿ, ಶಾಮರಾಯರೇ ಒತ್ತಿ ನೋಡಿ ಒಪ್ಪಿದರೆ ಕಾರು ಉಳಿಯುತ್ತದೆ. ಇಲ್ಲದಿದ್ದರೆ ಕೀಲಿಯನ್ನು ಆಂಟಿಯೇ ವ್ಯಾಪಾರಿಯ ಕೈಗೆ ಕೊಡುವುದು ಎಂದು ಒಪ್ಪಂದ.

"ನೋಡಪ್ಪ ಪ್ರಸನ್ನ, ಕಾರಿಲ್ಲದೆ ನಾನೇನೂ ಸಾಯಲ್ಲ," ಎಂದರು. "ಆದ್ರೆ ಮದುವೆಯಾದಾಗಿನಿಂದ ಇವರು ಹೊರಡೋ ಹೊತ್ತಿಗೆ ಹೊರಟೆ, ಇವರು ಹೋಗೋ ಕಡೆ ಹೋದೆ. ಈ ಒಂದು ವರ್ಷ ಮಾತ್ರ ನನ್ನ ಹೊತ್ತಿಗೆ ನಾನು ಹೊರಟಿದ್ದು. ಅದು ಹೋಗತ್ತೆ."

ಬನ್ನಿ ಆಂಟಿ ಎಂದಷ್ಟೇ ಹೇಳಿದೆ.

ಶನಿವಾರ ಬೆಳಿಗ್ಗೆ ದಂಪತಿಗಳು ಬಂದರು. ಆಂಟಿ ಮೊದಲು ಮಾಡಿದ್ದು ಡಿಕ್ಕಿಯಿಂದ ಹಳೆಯ ಮೋಟರ್ ತೆಗೆದು ಮೇಜಿನ ಮೇಲಿಟ್ಟದ್ದು. ಇದು ನಿಜವಾಗಿಯೂ ಕೆಟ್ಟಿದೆಯಾ ತೋರಿಸು ಎಂದರು. ಮೇಜಿನ ಮೇಲಿದ್ದ ಬ್ಯಾಟರಿಯಿಂದ ಎರಡು ವೈರು ತಾಗಿಸಿದೆ. ಮೋಟರ್ ಗುಂಯ್ ಎಂದು ತಿರುಗಿತು. ವೈರು ಅದಲು ಬದಲು ಮಾಡಿದೆ, ಹಿಂದಕ್ಕೂ ಅಷ್ಟೇ ಚೆನ್ನಾಗಿ ತಿರುಗಿತು. ಮೇಜಿಗೆ ಕುಟ್ಟಿದೆ, ತಿರುಗುತ್ತಲೇ ಇತ್ತು. ನಾನು ಅಪರಾಧಿ ಎಂದು ಸಾಬೀತು ಮಾಡಿದ್ದ ಮೋಟರ್ ಎಲ್ಲರೆದುರು ನಿರ್ದೋಷಿಯಾಗಿ ಹಾಡುತ್ತಿತ್ತು. ಸಚ್‌ದೇವ್‌ಜಿ ತಮ್ಮ ಕುರ್ಚಿಯಿಂದ, ವಕೀಲ್ ಸಾಹಬರ ಮೇಲೆ ಈಗ ಮೋಟರೇ ಮಾನನಷ್ಟ ಮೊಕದ್ದಮೆ ಹೂಡಬೇಕು ಎಂದರು. ಶಾಮರಾಯರು ಆ ಹಿಂದಿ ಮಾತನ್ನು ಹೆಂಡತಿಗೆ ಕನ್ನಡದಲ್ಲಿ ವಿವರಿಸಿ ಇನ್ನೊಮ್ಮೆ ನಕ್ಕರು. ಆಂಟಿಗೆ ಹಿಂದಿ ಅವರಿಗಿಂತ ಚೆನ್ನಾಗಿ ಬರುತ್ತದೆ.

ಬಾಗಿಲು ತೆರೆದು, ಒಳಹೊದಿಕೆ ತೆಗೆದು, ಗುಂಡಿ ಒತ್ತಿದೆವು. ಹೊಸ ಮೋಟರೂ ಸರಾಗವಾಗಿ ಕೆಲಸ ಮಾಡಿತು. ಮೀಟರ್ ಹಿಡಿದೆ, ವೋಲ್ಟ್ ಪೂರ್ತಿ. ಉಸ್ತಾದರ ಬಲ್ಬು ಹಿಡಿದೆವು, ನಿಚ್ಚಳವಾಗಿ ಹೊತ್ತಿತು. ಆ ಕಾರಿನಲ್ಲಿ ಗಾಜಿಗೂ ಕಂಪ್ಯೂಟರಿಗೂ ಸಂಬಂಧವೇ ಇಲ್ಲದ್ದರಿಂದ ಸ್ಕ್ಯಾನರಿಗೆ ಹೇಳಲು ಏನೂ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಾಯಿತು. ಕೆಡದ ವಸ್ತುವನ್ನು ರಿಪೇರಿ ಮಾಡುವುದು ಹೇಗೆ? ಆಂಟಿ ಒಂದು ಟೈರಿನ ಮೇಲೆ ಪತ್ರಿಕೆ ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಕಾರಿನ ಕೀಲಿ. ಅದನ್ನು ಅವರು ಒಮ್ಮೆಯೂ ಕೆಳಗಿಡಲಿಲ್ಲ.

ಆಗ ನಾನು ನನ್ನ ಹಳೆಯ ವಿದ್ಯೆಯಲ್ಲಿ ಉಳಿದಿದ್ದ ಒಂದೇ ಉಪಯೋಗದ ವಸ್ತುವನ್ನು ಹೊರತೆಗೆದೆ: ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು. ಎರಡು ಸಲವೂ ಆ ಕಿಟಕಿಯ ಪಕ್ಕದಲ್ಲೇ ಕೂತಿದ್ದವರು ಶಾಮರಾಯರೊಬ್ಬರೇ. ಅವರ ಬಾಯಲ್ಲಿ ಎರಡು ಸಲ ಕಥೆ ಕೇಳಿದ್ದೆವು. ಏನಾಯಿತು ಎಂದು ಕೇಳಿದ್ದೆವು, ಅವರು ಏನು ಮಾಡಿದರು ಎಂದು ಕೇಳಿರಲಿಲ್ಲ.

"ಅಂಕಲ್, ಬುಧವಾರ ಗಾಜು ಇಳಿಸಿದ್ದು ಎಲ್ಲಿ?"

"ಮನೇಲೇ ಇಳಿಸಿದೆ. ಕಾರು ಬಿಸಿಲಲ್ಲಿ ನಿಂತಿತ್ತು, ಒಳಗೆ ಕಾದ ಹೆಂಚು."

"ಕೂತ ಮೇಲಾ?"

"ಕೂರ್ತಾನೇ. ಒಂದು ಕಾಲು ಇನ್ನೂ ಹೊರಗಿತ್ತು. ಈ ಮಂಡಿ ಮಡಚಬೇಕಲ್ಲ, ಟೈಮ್ ಹಿಡಿಯತ್ತೆ. ಅಷ್ಟರಲ್ಲಿ ಇವಳು ಗಾಡಿ ಸ್ಟಾರ್ಟ್ ಮಾಡಿದ್ಲು, ನಾನು ಗುಂಡಿ ಒತ್ತಿದೆ."

"ಈಗ ಒಳಗೆ ಕೂತು ತೋರಿಸ್ತೀರಾ? ಬಾಗಿಲು ಹಾಕ್ಕೊಂಡು, ಬದರ್‌ಪುರದಲ್ಲಿ ಕೂತಿದ್ದ ಹಾಗೆ."

ಅವರು ಕೂತರು, ಬಾಗಿಲು ಎಳೆದುಕೊಂಡರು, ಗುಂಡಿ ಒತ್ತಿದರು. ಗಾಜು ಕದಲಲಿಲ್ಲ. ಆ ಕಾರು ನಮ್ಮ ವರ್ಕ್‌ಶಾಪಿನಲ್ಲಿ ಮೊಟ್ಟಮೊದಲ ಸಲ ಕೆಟ್ಟಿತ್ತು. ಶಾಮರಾಯರ ಮುಖದಲ್ಲಿ ಮೊಕದ್ದಮೆ ಗೆದ್ದವನ ಕಳೆ ಬಂತು. ನೋಡಿದಿಯಾ ಎನ್ನುತ್ತ, ಬಾಗಿಲನ್ನು ಪೂರ್ತಿ ತಳ್ಳಿ, ಅದಕ್ಕೆ ಜೋತುಬಿದ್ದು ಮೇಲೇಳುವಾಗ ಇನ್ನೊಮ್ಮೆ ಗುಂಡಿ ಒತ್ತಿದರು. ಗಾಜು ಇಳಿಯಿತು.

ಉಸ್ತಾದರು ಎದ್ದು ಬಂದು, ಶಾಮರಾಯರನ್ನು ಮರ್ಯಾದೆಯಿಂದ ಮತ್ತೆ ಕೂಡಿಸಿ ಬಾಗಿಲು ಹಾಕಿದರು. ಒತ್ತಿ ಎಂದರು. ಇಲ್ಲ. ಬಾಗಿಲು ತೆರೆದು ಒತ್ತಿ ಎಂದರು. ಇದೆ. ಮೂರು ಸಲ ಹಾಗೆ ಮಾಡಿ, ನೆಲಕ್ಕೆ ಮಂಡಿಯೂರಿ, ಬಾಗಿಲಿಗೂ ಕಾರಿನ ಮೈಗೂ ನಡುವೆ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಕಿತ್ತರು. ವೈರುಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಮಡಚುತ್ತ ಹೋಗಿ, ಒಂದು ಕಡೆ ನಿಂತರು.

"ಮಿಲ್ ಗಯಾ, ವಕೀಲ್ ಸಾಹಬ್."

ಅವರಿಗೆ ಸಿಕ್ಕಿದ್ದು ಇದು: ವೈರಿನ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು, ಒಳಗಿನ ತಾಮ್ರ ತುಂಡಾಗಿತ್ತು. ಬಾಗಿಲು ತೆರೆದಾಗ ವೈರು ನೆಟ್ಟಗಾಗಿ ತುಂಡುಗಳು ತಾಕುತ್ತಿದ್ದವು. ಮುಚ್ಚಿದಾಗ ವೈರು ಮಡಚಿ ಅವು ಅಗಲುತ್ತಿದ್ದವು. ವರ್ಕ್‌ಶಾಪಿನಲ್ಲಿ ಬಾಗಿಲಿನ ಕೆಲಸವನ್ನು ಯಾರಾದರೂ ಬಾಗಿಲು ಮುಚ್ಚಿ ಮಾಡುತ್ತಾರೆಯೇ? ಮಿಸ್ತ್ರಿಗಳ ಪಾಲಿಗೆ ಆ ಬಾಗಿಲು ಯಾವಾಗಲೂ ತೆರೆದದ್ದು, ಗಿರಾಕಿಯ ಪಾಲಿಗೆ ಯಾವಾಗಲೂ ಮುಚ್ಚಿದ್ದು. ನಾವು ನಲವತ್ತು ಸಲ ಪರೀಕ್ಷೆ ಮಾಡಿದ್ದೂ ಅವರು ಎಂದೂ ಬಳಸದ ಕಾರನ್ನು. ನಾನು ಮೂರು ಅಂಶಗಳ ವಾದ ಕಟ್ಟಿದ್ದೂ ಅದರ ಮೇಲೆಯೇ. ಪ್ರಶ್ನೆ ನನ್ನದು ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಉತ್ತರ ಉಸ್ತಾದರ ಬೆರಳುಗಳಲ್ಲಿತ್ತು. ಮೀಟರ್ ಹಿಡಿದು ಅಲ್ಲಿಗೆ ತಲುಪಲು ನನಗೆ ಸಂಜೆಯಾಗುತ್ತಿತ್ತು.

ಇಷ್ಟು ಸಣ್ಣ ಜಾಗದಲ್ಲಿ ತಾಮ್ರ ಯಾಕೆ ತುಂಡಾಯಿತು ಎಂದು ಶಾಮರಾಯರು ಕೇಳಿದರು. ಕೇಳಬಾರದಿತ್ತು. ಆಂಟಿ ಟೈರಿನಿಂದ ಎದ್ದು ಬಂದರು.

"ಆ ಬಾಗಿಲಿಗೆ ಜೋತುಬಿದ್ದು ಏಳೋರು ಯಾರು ರೀ? ನಾನಾ?"

ಒಂಬತ್ತು ವರ್ಷವಾದ ಯಾವ ಕಾರಿನಲ್ಲಾದರೂ ಅಲ್ಲಿ ವೈರು ಸವೆಯುತ್ತದೆ ಎಂದು ಉಸ್ತಾದರು ಶಾಮರಾಯರ ಮಂಡಿಯ ಪರ ನಿಂತರು. ನಿಜವೂ ಹೌದು. ಆದರೆ ಆಂಟಿಗೆ ಸಿಕ್ಕ ಸಾಕ್ಷ್ಯ ಅವರು ಬಿಡಲಿಲ್ಲ.

ರಿಪೇರಿಯಲ್ಲೂ ಒಂದು ಜಗಳವಾಯಿತು. ತುಂಡಾದ ಕಡೆಯೇ ಹೆಣೆದು ಟೇಪ್ ಸುತ್ತುವುದು ಹಳೆಯ ಕ್ರಮ. ನಾನು ಬೆಸುಗೆ ಹಾಕೋಣ ಎಂದೆ. ಬೆಸುಗೆ ಹಾಕಿದ ಜಾಗ ಕಡ್ಡಿಯಂತೆ ಬಿಗಿಯಾಗುತ್ತದೆ, ಮಡಚುವ ಕಡೆ ಅದಿದ್ದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ ಎಂದರು ಉಸ್ತಾದರು. ಕೊನೆಗೆ ಕೊಳವೆಯುದ್ದಕ್ಕೂ ಹೊಸ ಮೆದು ವೈರು ಎಳೆದು, ಬೆಸುಗೆಯನ್ನು ಎರಡೂ ತುದಿಗೆ, ಮಡಚದ ಕಡೆ ಹಾಕಿದೆವು. ಅವರ ಜಾಗ, ನನ್ನ ಬೆಸುಗೆ. ನಾನು ಈಗ ತರಗತಿಯಲ್ಲಿ ಕಲಿಸುವುದೂ ಇದನ್ನೇ. ಹಳೆಯ ಮೋಟರನ್ನೇ ಮರಳಿ ಕೂರಿಸಿದೆವು, ಹೊಸದು ನಮ್ಮ ಕಪಾಟಿಗೆ ವಾಪಸಾಯಿತು. ಆಮೇಲೆ ಬಾಗಿಲು ಮುಚ್ಚಿ, ಶಾಮರಾಯರನ್ನು ಒಳಗೆ ಕೂಡಿಸಿ, ಒತ್ತಿಸಿದೆವು. ಅವರು ಇಪ್ಪತ್ತೆರಡು ಸಲ ಒತ್ತಿ, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಅದು ಪ್ರಶಸ್ತಿ.

ಭಾನುವಾರ ಬೆಳಿಗ್ಗೆ ತಿಂಡಿಗೆ ಬಾ ಎಂದು ಆಂಟಿ ಕರೆದಿದ್ದರು. ಮೆಟ್ರೊ ಇಳಿದು ಸೊಸೈಟಿಯ ಗೇಟಿಗೆ ಹೋಗುವಷ್ಟರಲ್ಲಿ ನೋಡುತ್ತೇನೆ, ಕೆಂಪು ಕಾರಿನ ಸುತ್ತ ವ್ಯಾಪಾರಿ ತಿರುಗುತ್ತಿದ್ದಾನೆ. ಬರಬೇಡ ಎಂದು ಹೇಳುವುದು ಚೆನ್ನಾಗಿರುವುದಿಲ್ಲ ಎಂದು ಶಾಮರಾಯರು ಫೋನ್ ಮಾಡಿರಲಿಲ್ಲವಂತೆ. ವ್ಯಾಪಾರಿ ಎಡಸೀಟಿನಲ್ಲಿ ಕೂತು, ಬಾಗಿಲು ಹಾಕಿ, ಗಾಜು ಏರಿಸಿ ಇಳಿಸಿ, ಬಢಿಯಾ, ಬಹಳ ಚೆನ್ನಾಗಿದೆ ಎಂದ. ಗಾಜನ್ನು ಇಳಿಸಿದಂತೆಯೇ ಬಿಟ್ಟು ಹೊರಗೆ ಬಂದ.

ಶಾಮರಾಯರು ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಡಿಬೇಟ್ ಮಾಡಿದೋನು, ನಿನಗೆ ಅರ್ಥವಾಗತ್ತೆ. ನಿನ್ನೆವರೆಗೆ ಕೆಟ್ಟಿತ್ತು, ಅದಕ್ಕೆ ಕೊಡಬೇಕಿತ್ತು. ಈಗ ಸರಿಯಾಗಿದೆ, ಇಂಥ ಟೈಮಲ್ಲೇ ಕೊಡಬೇಕು."

ನಿಜ ಹೇಳಬೇಕೆಂದರೆ ನನಗೆ ಮೆಚ್ಚುಗೆಯಾಯಿತು. ಎರಡು ವಿರುದ್ಧ ಆಧಾರಗಳಿಂದ ಒಂದೇ ತೀರ್ಮಾನಕ್ಕೆ ಬರುವವರು ನಮ್ಮ ಕಾಲೇಜಿನಲ್ಲೂ ಕಡಿಮೆ. ಅವರದೇ ಒಪ್ಪಂದವನ್ನು ನೆನಪಿಸಿ, ಅದರ ಷರತ್ತು ಪೂರ್ತಿಯಾಗಿದೆ ಎಂದು ಶುರುಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಆಂಟಿ ಬಂದು ಚಾಲಕನ ಸೀಟಿನಲ್ಲಿ ಕೂತು ಕಾರು ಸ್ಟಾರ್ಟ್ ಮಾಡಿದರು. ಉಪ್ಪಿಟ್ಟು ಒಲೆಯ ಮೇಲೆ ಮುಚ್ಚಿಟ್ಟಿದೆ, ಹಾಕಿಕೊಂಡು ತಿನ್ನಿ, ತಮ್ಮ ಗೆಳತಿ ಮುನಿರ್ಕಾದಲ್ಲಿ ಕಾಯುತ್ತಿದ್ದಾಳೆ ಎಂದು ನನಗೆ ಹೇಳಿದರು. ಶಾಮರಾಯರು ಆತುರದಿಂದ ಹೋಗಿ ಎಡಗಿಟಕಿಯ ಅಂಚಿಗೆ ಮೊಣಕೈಯೂರಿ, "ವಿಶಾಲೂ, ಮೊದಲನೆಯದಾಗಿ" ಎಂದರು.

"ರೀ, ಕೈ ತೆಗೀರಿ."

ಅವರು ಕೈ ತೆಗೆದರು. ಆಂಟಿ ತಮ್ಮ ಕಡೆಯ ಗುಂಡಿ ಒತ್ತಿದರು. ಗಾಜು ಎಲ್ಲೂ ತಡವರಿಸದೆ ಮೇಲೇರಿ ರಬ್ಬರಿಗೆ ಕೂತಿತು. ಶಾಮರಾಯರು ಎರಡನೆಯ ಅಂಶವನ್ನು ಗಾಜಿಗೇ ಹೇಳುತ್ತಿರುವಾಗ ಕಾರು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿತು. ವ್ಯಾಪಾರಿ ನಮ್ಮಿಬ್ಬರ ಮುಖ ನೋಡಿ, ಬೈಕ್ ಹತ್ತಿದ.

ಶಾಮರಾಯರು ಗೇಟಿನಿಂದ ನನ್ನ ಕಡೆ ತಿರುಗಿದರು.

"ಆ ಮೋಟರ್ ಒಂಚೂರೂ ಸದ್ದು ಮಾಡಲ್ವಲ್ಲೋ," ಎಂದರು.